ಉಪ್ಪಿಲ್ಲದ ಸಾರಿನ ಹರಾಜು

ಚಮಚದ ನೀರು ನುಂಗಿದ ಮೇಲೂ ತಿಯೆನ್-ಫಾ ತಗ್ಗಿಸಿದ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಹೆಂಡತಿ ಸೂ-ಲಾನ್ ಕೈ ಚಾಚಿ ಅವನ ಮೂಗಿನ ಕೆಳಗೆ ಒರೆಸಿಯೂ ಆಗಿತ್ತು. ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

"ಕೈ ತೆಗೀರಿ ದೊಡ್ಡಮ್ಮ, ನೋಡೋಣ," ಎಂದರು ಡಾಕ್ಟರ್ ಕೋ. ಟಾರ್ಚು ಹಿಡಿದು ಬಾಯೊಳಗೆ ಇಣುಕಿದರು. "ಎಲ್ಲೂ ಸೋರಿಲ್ಲ."

ಗಡ್ಡೆಯ ಜೊತೆ ಅವನ ಎಡಗಡೆಯ ಮೇಲ್ದವಡೆಯನ್ನೂ ತೆಗೆದು ವರ್ಷ ಕಳೆದಿತ್ತು. ಅಂದಿನಿಂದ ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇರಲಿಲ್ಲ. ಕುಡಿದದ್ದು ಮೂಗಿನಲ್ಲಿ ಬರುತ್ತಿತ್ತು, ಆಡಿದ ಮಾತು ಮೂಗಿನಲ್ಲೇ ಉಳಿಯುತ್ತಿತ್ತು. ದೊಂಗ್‌ಗಾಂಗ್ ಬಂದರಿನ ಮೀನು ಹರಾಜಿನಲ್ಲಿ ಅರ್ಧ ಆಯಸ್ಸು ಕೂಗಿದವನ ಗತಿ ಇದು. ಕೃತಕ ಅಂಗುಳ ಸಿಕ್ಕಿಸಿಕೊಂಡು ಒಮ್ಮೆ ಕೂಗಲು ನಿಂತಿದ್ದ. ಬೆಲೆ ಎಷ್ಟೆಂದು ಯಾರಿಗೂ ತಿಳಿಯದೆ, ಪಾಪ, ಕೊಳ್ಳುವವರೆಲ್ಲ ನೆಲ ನೋಡುತ್ತ ನಿಂತರು. ಆಮೇಲೆ ಅವನು ಬಂದರಿನ ಕಡೆ ತಲೆ ಹಾಕಲಿಲ್ಲ. ಕಾಲಿನ ಎಲುಬು, ಮಾಂಸ ತೆಗೆದು ಹೊಸ ದವಡೆ ಕಟ್ಟುತ್ತೇವೆ ಎಂದು ಡಾಕ್ಟರ್ ಹೇಳಿದಾಗ ಅವನು ಕೇಳಿದ್ದು ಒಂದೇ: "ಮುಖ ಹೆಂಗಾದ್ರೂ ಇರ್ಲಿ, ಕೂಗೋಕೆ ಬರುತ್ತಾ?" ಅದನ್ನು ಅರ್ಥ ಮಾಡಿಸುವಷ್ಟರಲ್ಲಿ ಅವನಿಗೆ ಬೆವರು ಬಂದಿತ್ತು. ಆ ಆಪರೇಷನ್ ಆಗಿ, ಇವತ್ತೇ ಮೊದಲ ಸಲ ಬಾಯಿಂದ ಕುಡಿಸಿ ನೋಡುತ್ತಿದ್ದರು.

ಆಪರೇಷನ್ ಆದವರಿಗೆ ಗಾಯ ಬೇಗ ಕೂಡಲೆಂದು ಲೂ ಮೀನು ಕೊಡುವುದು ಅಲ್ಲಿನ ರೂಢಿ. ಬಂದರಿನ ಗೆಳೆಯರು ಒಬ್ಬರನ್ನೊಬ್ಬರು ಕೇಳದೆ ಎಲ್ಲರೂ ಅದನ್ನೇ ಕಳಿಸಿದರು. ಸೂ-ಲಾನ್ ಶುಂಠಿ ಹಾಕಿ ಕುದಿಸಿದ್ದೇ ಕುದಿಸಿದ್ದು. ಅಷ್ಟೂ ಸಾರು ಮೂಗಿಗೆ ಹಾಕಿದ ನಳಿಗೆಯಲ್ಲೇ ಅವನ ಹೊಟ್ಟೆ ಸೇರಿತ್ತು.

"ಈಗ ಏನಾದ್ರೂ ಮಾತಾಡಿ ದೊಡ್ಡಪ್ಪ," ಎಂದರು ಡಾಕ್ಟರ್.

ತಿಯೆನ್-ಫಾಗೆ ಹೆದರಿಕೆಯಾಯಿತು. ಬಾಯಿ ಬಿಟ್ಟರೆ ಅದೇ ಹಳೆಯ ಗೊಣಗೊಣ ಬಂದರೆ?

"ಗಂಟಲು ಒಣಗಿರ್ಬೇಕು. ತಗೋ, ಇದನ್ನ ಕುಡಿ," ಎಂದು ಸೂ-ಲಾನ್ ಬಟ್ಟಲು ಚಾಚಿದಳು. ಮತ್ತೆ ಲೂ ಮೀನೇ.

ಒಂದು ಗುಟುಕು ಕುಡಿದು ಅವನು ಮುಖ ಕಿವಿಚಿದ. ಹೊಸ ಕೆನ್ನೆ ಮಾತ್ರ ಕದಲಲಿಲ್ಲ.

"ಉಪ್ಪು ಹಾಕೋಕೆ ಏನೇ ಬಂದಿತ್ತು ನಿಂಗೆ?"

ಮಾತು ನಿಧಾನವಾಗಿತ್ತು, ತುಟಿ ಬಿಗಿದಿತ್ತು. ಆದರೆ ಪ್ರತಿ ಅಕ್ಷರವೂ ಬಾಯಿಂದಲೇ ಬಂದಿತ್ತು.

"ಇಷ್ಟು ದಿನ ನಳಿಗೇಲಿ ಕುಡಿದಾಗ ಇವನಿಗೆ ಉಪ್ಪು ಬೇಕಿರಲಿಲ್ಲ, ನೋಡಿ ಡಾಕ್ಟ್ರೇ," ಎಂದು ಸೂ-ಲಾನ್ ನಗುತ್ತಲೇ ಅತ್ತುಬಿಟ್ಟಳು. ವರ್ಷದಿಂದ ಅವನ ಬಾಯಲ್ಲಿ ಬೈಸಿಕೊಳ್ಳದೆ ಮನೆಯೇ ಬಿಕೋ ಎನ್ನುತ್ತಿತ್ತು ಅವಳಿಗೆ.

ಅವನಿಗೆ ಅಷ್ಟು ಸಾಲಲಿಲ್ಲ. ಮಾತು ಬೇರೆ, ಕೂಗು ಬೇರೆ. ಬಟ್ಟಲನ್ನು ಎತ್ತಿ ಹಿಡಿದು ಬೆನ್ನು ನೆಟ್ಟಗೆ ಮಾಡಿದ.

"ಲೂ ಮೀನಿನ ಸಾರು, ಲೂ ಮೀನಿನ ಸಾರು, ಬಿಸಿ ಇದೆ, ಉಪ್ಪಿಲ್ಲ, ಹೆಂಡ್ತಿ ಕೈದು, ನೂರು, ನೂರು, ನೂರರ ಮೇಲೆ ಯಾರು?"

ವಾರ್ಡಿನ ಆ ತುದಿಯಲ್ಲಿದ್ದ ನರ್ಸ್ ಗಕ್ಕನೆ ನಿಂತಳು. ಡಾಕ್ಟರ್ ಟಾರ್ಚು ಆರಿಸುವುದನ್ನೇ ಮರೆತರು.

ಪಕ್ಕದ ಹಾಸಿಗೆಯ ಲಾರಿ ಡ್ರೈವರನಿಗೆ ಮೊನ್ನೆಯಷ್ಟೇ ಮೇಲ್ದವಡೆ ತೆಗೆದಿದ್ದರು. ಅಂದಿನಿಂದ ಅವನು ಯಾರ ಮುಖವನ್ನೂ ನೋಡದೆ ಗೋಡೆ ಕಡೆ ತಿರುಗಿ ಮಲಗಿದ್ದ. ಈಗ ಅವನ ಬ್ಯಾಂಡೇಜಿನ ತಲೆ ಮೆಲ್ಲಗೆ ಇತ್ತ ಹೊರಳಿತು. ಹೊದಿಕೆಯಡಿಯಿಂದ ಒಂದು ಕೈ ಹೊರಬಂತು. ಎರಡು ಬೆರಳು ಎತ್ತಿತು.

"ಇನ್ನೂರು," ಎಂದು ಕೂಗಿದ ತಿಯೆನ್-ಫಾ, ಇನ್ನೂ ಹೆಚ್ಚಿಗೆ ಕೊಡುವವರು ಇದ್ದಾರೆಯೇ ಎಂದು ವಾರ್ಡಿನ ತುಂಬ ಕಣ್ಣಾಡಿಸಿದ.