ಡೋರೀನಳ ದಿಂಬು

ಲಂಡನ್ನಿನ ಸ್ಟುಡಿಯೋಗಳಲ್ಲಿ ವಿಲ್ಫ್ ಪಾರ್ಗಿಟರ್ ಡ್ರಮ್ ಬಾರಿಸದ ದಿನವಿರಲಿಲ್ಲ. ಬೆಳಿಗ್ಗೆ ಸೋಪಿನ ಜಾಹೀರಾತು, ಮಧ್ಯಾಹ್ನ ಪ್ರೇಮಗೀತೆ, ಸಂಜೆ ಯಾವುದೋ ಚೆಲುವ ಹುಡುಗರ ತಂಡದ ಹೊಸ ರೆಕಾರ್ಡು. ರೆಕಾರ್ಡಿನ ಮೇಲೆ ಹುಡುಗರ ಫೋಟೋ ಇರುತ್ತಿತ್ತು, ವಿಲ್ಫನ ಹೆಸರು ಮಾತ್ರ ಎಲ್ಲೂ ಇಲ್ಲ. ಆ ಹುಡುಗರ ಬದಲು ಬಾರಿಸಿದ್ದು ತಾನೇ ಎಂದು ಬಾಯಿ ಬಿಟ್ಟವನನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಆ ಕಸುಬಿನ ಕಟ್ಟುಪಾಡೇ ಹಾಗೆ. ಮಗಳು ಡೋರೀನಳಿಗೂ ಹೇಳುವಂತಿರಲಿಲ್ಲ. ಹೇಳಿದರೆ ಮರುದಿನ ಸ್ಕೂಲಿಗೆಲ್ಲ ಡಂಗುರ. ಅಪ್ಪ ಮದುವೆಗಳಲ್ಲಿ ಬಾರಿಸುತ್ತಾನೆ ಎಂದೇ ಅವಳು ತಿಳಿದಿದ್ದಳು.

ಅವಳಿಗೋ 'ಟಿನ್ ಪ್ಯಾರಟ್ಸ್' ತಂಡದ ಡ್ರಮ್ಮರ್ ಕ್ಲೈವ್ ಎಂದರೆ ಪ್ರಾಣ.

"ಅಪ್ಪಾ, ಕ್ಲೈವನ ಹೊಸ ರೆಕಾರ್ಡಲ್ಲಿ ಈ ಎರಡನೇ ಚರಣ ಕೇಳು. ದಢ್ ದಢ್ ಅಂತ ಹೋಗ್ತಾ ಹೋಗ್ತಾ ಗಕ್ ಅಂತ ನಿಲ್ಲಿಸ್ಬಿಡ್ತಾನೆ! ಎಂಥಾ ತಲೆ! ನೀನೂ ಇದೀಯ, ಮದುವೆಮನೇಲಿ ಮುದುಕರನ್ನ ಕುಣಿಸೋಕಷ್ಟೇ ಲಾಯಕ್ಕು."

"ಅಲ್ಲಿ ಸೀನು ಬಂದಿರಬೇಕು ಕಣೇ."

"ಹೊಟ್ಟೆಕಿಚ್ಚು ನಿಂಗೆ! ಅದಿರ್ಲಿ, ತಿಂಗಳಿಂದ ಹುಡುಕ್ತಿದೀನಿ, ನನ್ನ ದಿಂಬೆಲ್ಲಿ?"

ವಿಲ್ಫ್ ಟೀ ಕಪ್ಪಿನಲ್ಲಿ ಮುಖ ಮುಚ್ಚಿಕೊಂಡ. ದೊಡ್ಡ ಡ್ರಮ್ಮು ಗುಂಯ್‌ಗುಡದಂತೆ ಅದರ ಹೊಟ್ಟೆಗೆ ಕಂಬಳಿಯನ್ನೋ ದಿಂಬನ್ನೋ ತುರುಕುವುದು ಸ್ಟುಡಿಯೋದವರ ರೂಢಿ. ಈ ಹಾಡಿಗೆ ಬಾರಿಸಲು ಹೊರಟ ದಿನ ಅವಸರದಲ್ಲಿ ಕೈಗೆ ಸಿಕ್ಕಿದ್ದು ಮಗಳ ದಿಂಬು. ಅದರ ಹರಿದ ಮೂಲೆಯಿಂದ ಒಂದು ಪುಕ್ಕ ಹಾರಿ ನೇರ ಅವನ ಮೂಗಿಗೇ ಬಂತು. ಸೀನಿದ, ಕೈ ನಿಂತಿತು. "ಆಹಾ, ಹಾಗೇ ಇರಲಿ!" ಎಂದ ನಿರ್ಮಾಪಕ. ಈಗ ಊರ ಹುಡುಗರೆಲ್ಲ ಆ ಸೀನನ್ನು ಅಭ್ಯಾಸ ಮಾಡುತ್ತಿದ್ದರು. ಮಗಳು ಮೆಚ್ಚಿದ ಕೈ ತನ್ನದೇ, ಹೊಗಳಿಕೆ ಮಾತ್ರ ಕ್ಲೈವನಿಗೆ. ವಿಲ್ಫನ ಹೊಟ್ಟೆ ನಿಜಕ್ಕೂ ಉರಿಯುತ್ತಿತ್ತು.

ಶನಿವಾರ ಯಾರೋ ಬಾಗಿಲು ತಟ್ಟಿದರು. ತೆರೆದ ಡೋರೀನ್ ಕಂಬದ ಹಾಗೆ ನಿಂತಳು. ಎದುರಿಗೆ ಸಾಕ್ಷಾತ್ ಕ್ಲೈವ್, ಕಂಕುಳಲ್ಲಿ ಒಂದು ದಿಂಬು.

"ವಿಲ್ಫ್ ಸಾರ್ ಇದಾರಾ? ಇದನ್ನ ಸ್ಟುಡಿಯೋದಲ್ಲಿ ಬಿಟ್ಟುಹೋಗಿದ್ರು. ಹಂಗೇ... ಮುಂದಿನ ವಾರ ನಾನು ಜನರೆದುರು ಬಾರಿಸ್ಬೇಕು. ಆ ಎರಡನೇ ಚರಣದಲ್ಲಿ ಅವರು ಅದ್ಹೆಂಗೆ ನಿಲ್ಲಿಸಿದ್ರೋ, ನಂಗೆ ಬರ್ತಾನೇ ಇಲ್ಲ."

ದಿಂಬಿನ ಮೇಲೆ ಅಜ್ಜಿ ಕಸೂತಿ ಹಾಕಿದ ಹೆಸರಿತ್ತು: ಡೋರೀನ್. ಅವಳು ದಿಂಬು ನೋಡಿದಳು, ಹಿಂದೆ ಬಂದು ನಿಂತಿದ್ದ ಅಪ್ಪನನ್ನು ನೋಡಿದಳು.

"ನಾನೇನೂ ಬಾಯಿ ಬಿಟ್ಟಿಲ್ಲಪ್ಪ," ಎಂದು ವಿಲ್ಫ್ ಎರಡೂ ಕೈ ಎತ್ತಿದ. ಈ ಮನುಷ್ಯ ಅಲ್ಲಿಯವರೆಗೆ ಯಾವ ಸ್ಟುಡಿಯೋದಲ್ಲೂ ಒಂದು ಡ್ರಮ್ ಕಡ್ಡಿಯನ್ನೂ ಮರೆತು ಬಂದವನಲ್ಲ.

ಡೋರೀನ್ ದಿಂಬು ಕಿತ್ತುಕೊಂಡು, ಹರಿದ ಮೂಲೆಯನ್ನು ಕ್ಲೈವನ ಮೂಗಿನ ಕೆಳಗೆ ಹಿಡಿದು ಪಟಪಟ ಬಡಿದಳು. ಪುಕ್ಕ ಹಾರಿತು. ಕ್ಲೈವ್ ಮನೆ ಹಾರಿಹೋಗುವಂತೆ ಸೀನಿದ.

"ಹಾಂ, ಹಂಗೇ," ಎಂದಳು ಡೋರೀನ್. "ನಮ್ಮಪ್ಪ ನಿಲ್ಲಿಸಿದ್ದು ಹಂಗೇ!"