ಹಸಿರು ಗೌನಿನ ಅಳತೆ

ಬೀಗ ಹಾಕಿದ ಒಂದು ಪೆಟ್ಟಿಗೆ ಯಾರ ಮನೆಯಲ್ಲಿಲ್ಲ ಹೇಳಿ? ಗಂಡನ ಪೆಟ್ಟಿಗೆಯ ಕೀಲಿ ಹೆಂಡತಿಯ ಕೈಗೆ ಸಿಕ್ಕಿತು, ಒಳಗೆ ಏನೋ ಇತ್ತು, ಆಮೇಲೆ ಮನೆ ರಣರಂಗವಾಯಿತು. ಇಂಥದ್ದನ್ನು ನೀವೂ ಕೇಳಿರುತ್ತೀರಿ. ನಾನಂತೂ ವಾರಕ್ಕೊಂದು ಕೇಳುತ್ತೇನೆ. ಸೈನಿಕರ ವಸತಿಗೃಹಗಳ ಗೇಟಿನ ಪಕ್ಕದಲ್ಲೇ ನನ್ನ ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಗಂಡಸರ ಯೂನಿಫಾರಂ, ಹೆಂಗಸರ ಬಟ್ಟೆ ಎರಡನ್ನೂ ಹೊಲಿಯುತ್ತಿದ್ದೇನೆ. ಟೈಲರಕ್ಕನ ಬಾಯಿಗೆ ಗುಂಡಿ ಇಲ್ಲ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಆದರೆ ಈ ಕಥೆಯನ್ನು ಸಂಬಂಧಪಟ್ಟವರ ಒಪ್ಪಿಗೆ ಕೇಳಿಯೇ, ಗುರುತು ಸಿಗದಂತೆ ಒಂದೆರಡು ವಿಷಯ ಬದಲಿಸಿ ಹೇಳುತ್ತಿದ್ದೇನೆ. ಹಾಗೆ ಕೇಳಿ ಹೇಳಬೇಕೆಂಬ ಬುದ್ಧಿ ನನಗೆ ಬಂದದ್ದೇ ಅವರಿಂದ.

ಅಂದು ಬುಧವಾರ, ಬೆಳಗ್ಗೆ ಹನ್ನೊಂದು ಗಂಟೆ. ನಮ್ಮ ಶಿಶುವಿಹಾರದ ಟೀಚರು ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡಳು. ಕಣ್ಣು ಕೆಂಪಗಿತ್ತು. ಚೀಲದಿಂದ ಒಂದು ಹಸಿರು ಗೌನು ತೆಗೆದು ನನ್ನ ಮೆಷಿನ್ನಿನ ಮೇಲೆ ಎಸೆದಳು.

"ಅಕ್ಕ, ಇಲ್ಲಿನ ಎಲ್ಲಾ ಹೆಂಗಸರ ಅಳತೆ ನಿನ್ನ ಪುಸ್ತಕದಲ್ಲಿ ಇದೆಯಲ್ಲ. ಇದು ಯಾರದು ಹೇಳು."

"ಎಲ್ಲಿತ್ತೇ ಇದು?"

"ನಮ್ಮ ಮನೆಯವರ ಪೆಟ್ಟಿಗೇಲಿ. ಹಳೇ ಬೂಟಿನೊಳಗೆ ಕೀಲಿ ಸಿಕ್ತು. ಪಾಲಿಶ್ ಹುಡುಕೋಕೆ ಹೋದವಳಿಗೆ ಇದು ಸಿಕ್ತು ನೋಡು. ಇವತ್ತು ಮೂರು ಗಂಟೆಗೆ ಕರ್ನಲ್ ಸಾಹೇಬರು ಸೈನಿಕರ ಹೆಂಡತಿಯರ ದೂರು ಕೇಳ್ತಾರೆ. ಅವಳ ಹೆಸರು ಸಿಕ್ಕಿದ್ರೆ ಹೆಸರು ಹೇಳ್ತೀನಿ. ಸಿಗದಿದ್ರೆ ಈ ಗೌನನ್ನೇ ಅವರ ಮೇಜಿನ ಮೇಲೆ ಹಾಕ್ತೀನಿ."

ಇವಳ ಗಂಡನನ್ನು ಎಲ್ಲರೂ ಕೊಡೆ ಸಾರ್ಜೆಂಟ್ ಎನ್ನುತ್ತಾರೆ. ವಿಮಾನದಿಂದ ಹಾರುವ ಸೈನಿಕರ ಪ್ಯಾರಾಚೂಟುಗಳನ್ನು ಮಡಿಸಿ ಕಟ್ಟುವುದು ಅವರ ಕೆಲಸ. ಹತ್ತೊಂಬತ್ತು ವರ್ಷದ ನೌಕರಿ. ಮಾತು ಕಡಿಮೆ, ತಲೆ ಎತ್ತಿ ಒಬ್ಬ ಹೆಂಗಸನ್ನು ನೋಡಿದ್ದು ನಾನು ಕಂಡಿಲ್ಲ. ಇಂಥವರೂ ಹೀಗಾ ಎಂದು ನನಗೆ ಒಳಗೊಳಗೇ ಕುತೂಹಲ. ಸುದ್ದಿ ಸಿಕ್ಕಿತೆಂದು ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ!

ಟೇಪು ಹಿಡಿದೆ. ಎದೆ ನಲವತ್ತೆರಡು. ಭುಜ ಹದಿನೆಂಟೂವರೆ.

"ಯಾರೇ ಇವಳು, ಕುಸ್ತಿ ಆಡೋಳಾ?" ಎಂದು ನಕ್ಕೆ. ಅವಳು ನಗಲಿಲ್ಲ.

ಭುಜದ ಪಟ್ಟಿಯನ್ನು ತಿರುಗಿಸಿ ನೋಡಿದೆ. ಪಟ್ಟಿ ಸೇರುವ ಜಾಗದಲ್ಲಿ ಒಂದು ಪುಟ್ಟ ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಗೌನಿಗೆ ಯಾವ ಟೈಲರೂ ಹಾಕದ ಹೊಲಿಗೆ ಅದು. ಆಳಿನ ಭಾರ ಹೊರುವ ಪ್ಯಾರಾಚೂಟಿನ ಪಟ್ಟಿಗೆ ಹಾಕುತ್ತಾರೆ. ಬಲಭುಜದ ಹೊಲಿಗೆಯನ್ನು ಅರ್ಧ ಇಂಚು ಕೆಳಗಿಳಿಸಲಾಗಿತ್ತು. ಈ ವಸತಿಯಲ್ಲಿ ಬಲಭುಜ ಅರ್ಧ ಇಂಚು ಇಳಿದಿರುವುದು ಒಬ್ಬರಿಗೇ. ಆ ಅಳತೆ ನನ್ನ ಯೂನಿಫಾರಂ ಪುಸ್ತಕದಲ್ಲಿತ್ತು, ಹೆಂಗಸರ ಪುಸ್ತಕದಲ್ಲಿ ಅಲ್ಲ.

ನಾನು ಮುಖ ತಿರುಗಿಸಿಕೊಂಡೆ. "ಗೌನು ಇಲ್ಲೇ ಇರಲಿ. ಎರಡು ಗಂಟೆಗೆ ಬಾ, ನೋಡಿ ಹೇಳ್ತೀನಿ" ಎಂದು ಅವಳನ್ನು ಹೇಗೋ ಕಳಿಸಿದೆ.

ಆಮೇಲೆ ನನಗೆ ಕೈಕಾಲು ಆಡಲಿಲ್ಲ. ನಾಲಿಗೆ ಮಾತ್ರ ತುರಿಸುತ್ತಿತ್ತು. ಅಷ್ಟರಲ್ಲಿ ಆಸ್ಪತ್ರೆಯ ಸಿಸ್ಟರ್ ಕೋಟಿನ ಜಿಪ್ ಹಾಕಿಸಲು ಬಂದರು.

"ಸಿಸ್ಟರ್, ಒಬ್ಬ ಸೈನಿಕ ಕದ್ದುಮುಚ್ಚಿ ಹೆಂಗಸಿನ ಬಟ್ಟೆ ಹಾಕ್ತಾನೆ ಅಂದ್ರೆ ಏನರ್ಥ? ಅವನು ಯಾರು ಅಂದ್ರೆ..."

"ಹೆಸರು ಹೇಳಬೇಡ" ಎಂದು ಸಿಸ್ಟರ್ ಕೈ ಅಡ್ಡ ಹಿಡಿದರು. "ನಂಗೆ ಬೇಡ. ವಿಷಯ ಕೇಳು, ಹೇಳ್ತೀನಿ."

"ಇದೇನು ಕಾಯಿಲೇನಾ? ಹುಚ್ಚಾ?"

"ಎರಡೂ ಅಲ್ಲ. ಔಷಧಿ ಕೊಡೋ ವಿಷಯವೇ ಅಲ್ಲ."

"ಹಾಗಾದ್ರೆ ಅವನು ಗಂಡಸಲ್ವಾ?"

"ಬಟ್ಟೆ ನೋಡಿ ಅದನ್ನ ಹೇಳೋಕಾಗಲ್ಲ ಅಕ್ಕ. ಕೆಲವರಿಗೆ ಅದು ಬರೀ ನೆಮ್ಮದಿ. ಕೆಲವರಿಗೆ ತಾನು ಯಾರು ಅನ್ನೋ ಪ್ರಶ್ನೆ. ಯಾವುದು ಅಂತ ಅವರೇ ಹೇಳಬೇಕು. ನೀನೂ ಅಲ್ಲ, ನಾನೂ ಅಲ್ಲ."

ನನಗೆ ಸಿಟ್ಟು ಬಂತು. "ನಿಮಗೇನು, ಸುಲಭವಾಗಿ ಹೇಳಿಬಿಟ್ರಿ. ನನ್ನ ಮಗನೂ ಸೈನಿಕ. ಅವನ ಜೀವ ಈ ಮನುಷ್ಯನ ಕೈಯಲ್ಲಿದೆ. ಅಂಥ ಕೈ ನಂಬೋದು ಹೇಗೆ?"

"ಎಷ್ಟು ವರ್ಷದಿಂದ ಆ ಕೆಲಸ ಮಾಡ್ತಿದಾರೆ?"

"ಹತ್ತೊಂಬತ್ತು."

"ಒಂದು ಸಲ ಆದ್ರೂ ಕೈ ತಪ್ಪಿದೆಯಾ?"

"ಇಲ್ಲ" ಎಂದೆ. ಇಲ್ಲವೆಂಬುದು ಈ ವಸತಿಯಲ್ಲಿ ಎಲ್ಲರಿಗೂ ಗೊತ್ತು.

"ಅಷ್ಟೂ ವರ್ಷ ಈ ಅಭ್ಯಾಸಾನೂ ಜೊತೇಲೇ ಇದ್ದಿರಬೇಕಲ್ಲ?"

ಸಿಸ್ಟರ್ ಕುರ್ಚಿ ಹತ್ತಿರ ಎಳೆದುಕೊಂಡರು. "ನಂಬಿಕೆ ಇಡಬೇಕಾದ್ದು ಕೆಲಸ ನೋಡಿ. ಇನ್ನೊಂದು ಮಾತು. ಗುಟ್ಟು ರಟ್ಟಾಯ್ತು ಅಂತ ಜೀವ ಕಳ್ಕೊಳ್ಳೋಕೆ ಹೊರಟವರನ್ನ ನಾನು ಹಾಸಿಗೆ ಪಕ್ಕ ಕೂತು ಕಾದಿದೀನಿ. ಆ ಗುಟ್ಟು ನಿಂದಲ್ಲ. ಅವರದನ್ನ ಅವರಿಗೆ ವಾಪಸ್ ಕೊಡು. ಹೆಂಡತಿಗೆ ಹೇಳೋದಾದ್ರೆ ಅವರೇ ಹೇಳಲಿ. ಮಾತಾಡೋಕೆ ಯಾರೂ ಇಲ್ಲ ಅನಿಸಿದ್ರೆ ನನ್ನ ಹತ್ರ ಕಳಿಸು. ಆಸ್ಪತ್ರೆ ದಾಖಲೇಲಿ ಏನನ್ನ ಬರೆದುಕೊಳ್ತೀನಿ, ಏನನ್ನ ಬರೆಯಲ್ಲ ಅಂತ ಮೊದಲೇ ಹೇಳ್ತೀನಿ."

ಗಂಟೆ ಹನ್ನೆರಡೂವರೆ. ಗೌನನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಪ್ಯಾರಾಚೂಟು ಇಡುವ ಚೀಲಗಳನ್ನು ಹೊಲಿದು ಕೊಟ್ಟು ಬರಲು ಅವುಗಳನ್ನು ಮಡಿಸುವ ಹಾಲಿಗೆ ನನಗೆ ಪಾಸ್ ಇದೆ. ಎಷ್ಟೋ ಸಲ ಹೋಗಿದ್ದೇನೆ. ಬಾಗಿಲಲ್ಲೇ ಗಂಟು ಇಳಿಸಿ ಬರುವವಳು ನಾನು. ಅಂದು ಮೊದಲ ಸಲ ನಿಂತು ನೋಡಿದೆ.

ಓಣಿಯಷ್ಟು ಉದ್ದದ ಮೇಜು. ಅದರ ತುಂಬ ಬಿಳಿ ಬಟ್ಟೆ ಹರಡಿಕೊಂಡಿತ್ತು. ಕೊಡೆ ಸಾರ್ಜೆಂಟ್ ಅಂಗೈ ಆನಿಸಿ ಒಂದೊಂದೇ ಪದರವನ್ನು ಸವರುತ್ತಿದ್ದರು. ಮೂವತ್ತು ಹಗ್ಗ. ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ತುಟಿ ಅಲುಗಿಸಿ ಎಣಿಸುತ್ತಿದ್ದರು. ಮೂವತ್ತಾದ ಮೇಲೆ ಮತ್ತೆ ಮೊದಲಿನಿಂದ. ಎಲ್ಲೋ ಒಂದು ಸುಕ್ಕು ಕಂಡಿರಬೇಕು, ಮಡಿಸಿದ್ದಷ್ಟನ್ನೂ ಬಿಚ್ಚಿ ಹೊಸದಾಗಿ ಶುರು ಮಾಡಿದರು. ಮುಖದಲ್ಲಿ ಬೇಸರವೇ ಇಲ್ಲ. ಇಷ್ಟು ದೊಡ್ಡ ಬಟ್ಟೆ ಕಡೆಗೆ ಒಂದು ದಿಂಬಿನಷ್ಟಾಯಿತು. ಅವರು ಚೀಟಿಗೆ ಸಹಿ ಹಾಕಿ ಅದರ ಜೇಬಿಗೆ ಸೇರಿಸಿದರು. "ಅಮ್ಮಾ, ಚೀಟೀಲಿ ಆ ಸಹಿ ಕಂಡ್ರೆ ವಿಮಾನದಲ್ಲೇ ನಿದ್ದೆ ಮಾಡ್ತೀನಿ" ಎಂದು ನನ್ನ ಮಗ ಹೇಳುತ್ತಿದ್ದ. ಆ ಮಾತು ಆಗ ನೆನಪಾಯಿತು.

ಅಷ್ಟರಲ್ಲಿ ಕ್ಯಾಪ್ಟನ್ ಬಂದರು. ಕಟ್ಟಿ ಜೋಡಿಸಿದ್ದ ನಲವತ್ತರಲ್ಲಿ ಕಣ್ಣಿಗೆ ಬಿದ್ದ ಒಂದನ್ನು ತಟ್ಟಿದರು. "ಸಾರ್ಜೆಂಟ್, ನಾಳೆ ಇದರಲ್ಲಿ ನೀವು ಹಾರಿ." ಮಡಿಸಿದವನು ತಾನು ಮಡಿಸಿದ ಯಾವುದನ್ನು ಕೊಟ್ಟರೂ ಕಟ್ಟಿಕೊಂಡು ಹಾರಬೇಕು, ಅಲ್ಲಿನ ಪದ್ಧತಿ ಹಾಗೆ. ಸಾರ್ಜೆಂಟ್ ಯಾವುದೆಂದು ತಿರುಗಿಯೂ ನೋಡಲಿಲ್ಲ. "ಆಗಲಿ ಸರ್" ಎಂದು ಮುಂದಿನದನ್ನು ಹರಡಿದರು. ಇಪ್ಪತ್ತೆರಡು ವರ್ಷ ಬಟ್ಟೆಯ ಜೊತೆ ಬದುಕಿದವಳು ನಾನು, ಬಟ್ಟೆಯನ್ನು ಹೀಗೆ ಗೌರವಿಸಿದ ಕೈಗಳನ್ನು ನೋಡಿರಲಿಲ್ಲ.

ಕ್ಯಾಪ್ಟನ್ ಹೋದ ಮೇಲೆ ಹತ್ತಿರ ಹೋಗಿ ಚೀಲದ ಬಾಯಿ ಸ್ವಲ್ಪ ಸರಿಸಿದೆ. ಹಸಿರು ಕಂಡಿತು. ಅವರ ಮುಖದ ರಕ್ತ ಇಳಿದುಹೋಯಿತು.

"ಯಾರಿಗೆ ಗೊತ್ತು?"

"ನಂಗೊಬ್ಬಳಿಗೆ. ಟೀಚರಿಗೆ ಯಾವಳೋ ಬೇರೆ ಹೆಂಗಸು ಅಂತ ಅನುಮಾನ. ಮೂರು ಗಂಟೆಗೆ ಕರ್ನಲ್ ಸಾಹೇಬರ ಹತ್ರ ಹೊರಟಿದಾಳೆ."

"ಹೊಲಿಗೆ ನೋಡಿ ಗೊತ್ತಾಯ್ತಾ?"

"ಗೌನಿಗೆ ಯಾರಾದ್ರೂ ಆ ಹೊಲಿಗೆ ಹಾಕ್ತಾರಾ ಸಾರ್ಜೆಂಟ್?"

"ನಂಗೆ ಬೇರೆ ಹೊಲಿಗೆ ಬರಲ್ಲ ಅಕ್ಕ" ಎಂದರು. ಮೇಜಿನ ಮೇಲಿನ ಬಟ್ಟೆಯ ಅಂಚು ಸರಿಪಡಿಸುತ್ತ, "ದಾರ ಮಾತ್ರ ಅಂಗಡೀದು. ಇಲ್ಲಿಂದ ಒಂದೆಳೇನೂ ಮುಟ್ಟಿಲ್ಲ" ಎಂದರು. ಕೊರಳಿಗೆ ಉರುಳು ಬಿದ್ದ ಹೊತ್ತಲ್ಲೂ ಈ ಮನುಷ್ಯನಿಗೆ ಸರ್ಕಾರಿ ದಾರದ ಲೆಕ್ಕ!

ಎದೆಯ ಜೇಬಿನಿಂದ ಒಂದು ಕಾಗದ ತೆಗೆದರು. ಮಡಿಕೆಯಲ್ಲಿ ಸವೆದುಹೋಗಿತ್ತು. "ರಾಜೀನಾಮೆ. ಸಿಕ್ಕಿಬಿದ್ದ ದಿನ ಕೊಡೋಕೆ ಅಂತ ಆರು ವರ್ಷದಿಂದ ಇಟ್ಕೊಂಡಿದೀನಿ. ತಾರೀಖೊಂದು ಬರೀಬೇಕು."

"ಇವತ್ತಿನ ತಾರೀಖು ಬರೀಬೇಡಿ" ಎಂದೆ. "ಎರಡು ಗಂಟೆಗೆ ನನ್ನ ಅಂಗಡಿಗೆ ಬನ್ನಿ. ಹೇಳೋದು ಬಿಡೋದು ನಿಮಗೆ ಸೇರಿದ್ದು. ನನ್ನ ಬಾಯಿಂದ ಬರಲ್ಲ." ಈ ಮಾತನ್ನು ನಾನೇ ಆಡಿದೆನಾ ಎಂದು ನನಗೇ ಆಶ್ಚರ್ಯವಾಯಿತು.

ಎರಡು ಗಂಟೆಗೆ ಅವರು ಬಂದರು. ಅವಳು ಮೊದಲೇ ಬಂದು ಕೂತಿದ್ದಳು. ಪರದೆ ಎಳೆದು ನಾನು ಹೊರಗೆ ಹೊರಟರೆ, ಅವಳು ನನ್ನ ಕೈ ಹಿಡಿದುಕೊಂಡಳು. ಅವರೂ "ಅಕ್ಕ ಇರಲಿ" ಎಂದರು. ಆಮೇಲೆ ಗೌನಿನ ಕಡೆ ನೋಡುತ್ತ ಹೇಳಿದರು:

"ಆ ಅಳತೆ ನಂದು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಕ್ಕಳು. ಬೇರೆ ಹೆಂಗಸಿಲ್ಲವಲ್ಲ ಎಂದು ಬಂದ ನಗು ಅದು. ನಗುತ್ತಲೇ ಅಳು ಬಂತು.

"ಭಾನುವಾರ ನೀನು ಮಕ್ಕಳನ್ನ ಕರ್ಕೊಂಡು ನಿಮ್ಮಮ್ಮನ ಮನೆಗೆ ಹೋಗ್ತೀಯಲ್ಲ, ಆಗ ಎರಡು ಗಂಟೆ ಹೊತ್ತು ಹಾಕ್ಕೋತೀನಿ. ಟೀ ಕುಡೀತೀನಿ, ಪೇಪರ್ ಓದ್ತೀನಿ. ಅಷ್ಟೇ. ಎದೇಲಿರೋ ಬಿಗಿ ಸಡಿಲ ಆಗುತ್ತೆ. ಸೋಮವಾರ ಮೇಜಿನ ಮುಂದೆ ನಿಂತಾಗ ಕೈ ಹಗುರ ಇರುತ್ತೆ. ಯೂನಿಫಾರಂ ದಿನ ಅದನ್ನ ಮುಟ್ಟಲ್ಲ, ಅದರ ದಿನ ಯೂನಿಫಾರಂ ಮುಟ್ಟಲ್ಲ. ವರ್ಗ ಆದಾಗೆಲ್ಲ ಸುಟ್ಟುಹಾಕ್ತಿದ್ದೆ. ಮೂರು ಸಲ ಸುಟ್ಟಿದೀನಿ. ಆರಾರು ತಿಂಗಳು ತಡಕೊಂಡು ಮತ್ತೆ ಹೊಲ್ಕೊಂಡೆ."

"ನನ್ನ ಬಿಟ್ಟು ಹೋಗ್ತೀರಾ?"

"ಯಾವತ್ತೂ ಇಲ್ಲ. ನೀನು ಬಿಟ್ಟು ಹೋಗ್ತೀಯ ಅನ್ನೋ ಹೆದರಿಕೆಗೇ ಬೀಗ ಹಾಕಿದ್ದು."

"ಬಟ್ಟೆ ಹಾಳಾಗಿಹೋಗಲಿ. ಮದುವೆಯಾಗಿ ಹದಿನಾಲ್ಕು ವರ್ಷ ನನ್ನಿಂದ ಮುಚ್ಚಿಟ್ರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತೆ ನಂಗೆ" ಎಂದು ಅವಳು ಮೆಷಿನ್ನನ್ನು ಗುದ್ದಿದಳು. ಅವರು ತಲೆ ತಗ್ಗಿಸಿ ಆ ರಾಜೀನಾಮೆ ಪತ್ರವನ್ನು ಅವಳ ಮುಂದಿಟ್ಟರು. ಅವಳು ಎರಡು ಸಲ ಓದಿದಳು.

"ಯಾಕೆ ಬಿಡಬೇಕು ಕೆಲಸ? ಅಲ್ಲೇನಾದ್ರೂ ತಪ್ಪು ಮಾಡಿದೀರಾ?"

ಅಷ್ಟು ವರ್ಷದಲ್ಲಿ ಯಾರೂ ಅವರನ್ನು ಆ ಪ್ರಶ್ನೆ ಕೇಳಿರಲಿಲ್ಲ, ಅವರು ತಮ್ಮನ್ನೇ ಕೇಳಿಕೊಂಡಿರಲಿಲ್ಲ.

"ಇಲ್ಲ" ಎಂದರು.

ಅಳು, ಮಾತು, ಮತ್ತೆ ಅಳು, ಇದರಲ್ಲೇ ಒಂದು ಗಂಟೆ ಕಳೆದು ಮೈದಾನದ ಕಡೆಯಿಂದ ಮೂರರ ಸೈರನ್ ಕೇಳಿಸಿತು. ನಾವು ಮೂವರೂ ಬಾಗಿಲ ಕಡೆ ನೋಡಿದೆವು. ಅವಳು ಏಳಲಿಲ್ಲ. ಮಾತಾಡಲು ಆಸ್ಪತ್ರೆಯ ಸಿಸ್ಟರ್ ಇದ್ದಾರೆಂದು ನಾನು ಹೇಳಿದೆ.

"ನಿಮ್ಮನ್ನ ಈ ಗೌನಲ್ಲಿ ನೋಡೋಕೆ ನಂಗಿನ್ನೂ ಧೈರ್ಯ ಇಲ್ಲ" ಎಂದಳು. "ಟೈಮ್ ಬೇಕು. ಸಿಸ್ಟರ್ ಹತ್ರ ಇಬ್ರೂ ಹೋಗಿ ಮಾತಾಡೋಣ. ಮನೇಲಿ ಮಕ್ಕಳಿದಾರೆ, ಪೆಟ್ಟಿಗೆಗೆ ಬೀಗ ಇರಲಿ. ಎರಡನೇ ಕೀಲಿ ನಂಗೆ ಕೊಡಿ."

ಎದ್ದು ಹೊರಟವಳು ಬಾಗಿಲಲ್ಲಿ ನಿಂತು ಆ ಪತ್ರವನ್ನು ನನಗೆ ಕೊಟ್ಟಳು. "ಅಕ್ಕ, ಅಳತೆ ಕತ್ತರಿಸೋಕೆ ನಿಂಗೆ ಕಾಗದ ಬೇಕಲ್ಲ." ನಾನು ಅವರೆದುರಿಗೇ ಕತ್ತರಿ ತೆಗೆದುಕೊಂಡೆ. ಕಾಲರಿನ ಆಕಾರಕ್ಕೆ ಸರಿಯಾಗಿ ಸಾಕಾಯಿತು. ಈಗಲೂ ಅದನ್ನೇ ಇಟ್ಟು ಕಾಲರು ಕತ್ತರಿಸುತ್ತೇನೆ.

ಮರುದಿನ ಬೆಳಗ್ಗೆ ಶಿಶುವಿಹಾರದ ಅಂಗಳದಲ್ಲಿ ನಾನೂ ಅವಳೂ ಕತ್ತು ಮೇಲೆತ್ತಿ ನಿಂತಿದ್ದೆವು. ವಿಮಾನದಿಂದ ಚುಕ್ಕಿಗಳು ಉದುರತೊಡಗಿದವು. ಅದರಲ್ಲೊಂದು ಅವಳ ಗಂಡ, ಇನ್ನೊಂದು ನನ್ನ ಮಗ. ಯಾವುದು ಯಾರೆಂದು ಗೊತ್ತಾಗುತ್ತಿರಲಿಲ್ಲ. ಅವಳು ನನ್ನ ಮಣಿಕಟ್ಟನ್ನು ಹಿಡಿದು ಒಂದು, ಎರಡು, ಮೂರು ಎಂದು ಎಣಿಸಿದಳು. ನಾಲ್ಕು ಎನ್ನುವಷ್ಟರಲ್ಲಿ ಒಂದು ಬಿಳಿ ಕೊಡೆ ಬಿಚ್ಚಿಕೊಂಡಿತು, ಇನ್ನೊಂದು, ಮತ್ತೊಂದು. ನೋಡನೋಡುತ್ತ ಆಕಾಶದ ತುಂಬ ಅವೇ. ನಲವತ್ತಕ್ಕೆ ನಲವತ್ತು. ಎಲ್ಲದರ ಜೇಬಿನಲ್ಲೂ ಒಂದೇ ಸಹಿ. ನನಗೆ ಕಣ್ಣೀರು ತಡೆಯಲಾಗಲಿಲ್ಲ. ಅವಳು ಮಾತ್ರ, "ಎಷ್ಟು ನೀಟಾಗಿ ಮಡಿಸ್ತಾರೆ ಅಲ್ವಾ ಅಕ್ಕ, ಮನೇಲಿ ಒಂದು ಟವೆಲ್ ಮಡಿಸಲ್ಲ" ಎಂದಳು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೈಗೂ ಒಂದು ದಿನ ಯಾರದೋ ಗುಟ್ಟು ಬಂದು ಬೀಳಬಹುದು. ನಗಬೇಡಿ, ಹೆದರಿಸಬೇಡಿ, ಮೂರನೆಯವರಿಗೆ ಹೇಳಬೇಡಿ. ಒಬ್ಬರು ಬಾಗಿಲು ಹಾಕಿಕೊಂಡು ಏನು ಉಡುತ್ತಾರೆಂಬುದು ಅವರ ಕೆಲಸಕ್ಕೆ ಅಳತೆಗೋಲಲ್ಲ. ಗುಟ್ಟನ್ನು ಹೊತ್ತು ಬದುಕುತ್ತಿರುವವರೇ, ಸುಟ್ಟು ಸುಟ್ಟು ದಣಿಯಬೇಡಿ. ತಾರೀಖಿಲ್ಲದ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಬೇಡಿ. ಜೀವವೇ ಬೇಡ ಎನಿಸಿದರೆ ಅಂದೇ ಆಸ್ಪತ್ರೆಗೆ ಹೋಗಿ, ಇಲ್ಲವೇ ನಂಬಿದ ಒಬ್ಬರನ್ನು ಕೂಗಿ ಕರೆಯಿರಿ.

ನಾನಂತೂ ಆ ಬುಧವಾರವೇ ನನ್ನ ಬಾಯಿಗೆ ಒಂದು ಗುಂಡಿ ಹೊಲಿದುಕೊಂಡೆ. ಚೌಕದೊಳಗೆ ಎರಡು ಗೆರೆ ಎಳೆಯುವ ಆ ಹೊಲಿಗೆಯಲ್ಲೇ, ಸುಲಭಕ್ಕೆ ಬಿಚ್ಚುವುದಿಲ್ಲ. ನಿಮಗೂ ಬೇಕಿದ್ದರೆ ಬನ್ನಿ, ಬಿಟ್ಟಿಯಾಗಿ ಹೊಲಿದುಕೊಡುತ್ತೇನೆ.