ಅಷ್ಟಮಿಯ ದಿನದ ಡೈನೋಸಾರ್

ರಘುನಂದನ್ ಮಗಳ ಹುಟ್ಟುಹಬ್ಬಕ್ಕೂ ಒಂದು ಫೈಲು ತೆರೆದ. ನಗಬೇಡಿ, ನಿಜವಾದ ಫೈಲೇ. ಹಸಿರು ರಟ್ಟು, ಬಿಳಿ ದಾರ, ಮೇಲೆ ದುಂಡಗಿನ ಅಕ್ಷರದಲ್ಲಿ ‘ಸಿಂಧೂರ, ಐದನೇ ವರ್ಷ, ಡೈನೋಸಾರ್’. ತೆರಿಗೆ ಕಚೇರಿಯಲ್ಲಿ ಹದಿಮೂರು ವರ್ಷ ಸವೆಸಿದವನಿಗೆ ಫೈಲಿಲ್ಲದೆ ಕೈಕಾಲೇ ಆಡುತ್ತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ದಾವಣಗೆರೆಯಿಂದ ದೆಹಲಿಗೆ ವರ್ಗವಾಗಿ, ದ್ವಾರಕಾದ ಈ ಸೊಸೈಟಿಯ ನಾಲ್ಕನೇ ಮಹಡಿಗೆ ಸಾಮಾನು ಸಾಗಿಸುವಾಗಲೂ ಒಂದೊಂದು ಡಬ್ಬಕ್ಕೂ ನಂಬರ್ ಬರೆದು ಪಟ್ಟಿ ಮಾಡಿದ್ದ. ಆಮೇಲೆ ಆ ಪಟ್ಟಿಯೇ ಕಳೆದುಹೋಯಿತು, ಅದು ಬೇರೆ ಮಾತು.

ಅವನ ಇನ್ನೊಂದು ಗುಣವೆಂದರೆ ಯಾರ ಹತ್ತಿರವೂ ಏನನ್ನೂ ಕೇಳದಿರುವುದು. ದಾರಿ ತಪ್ಪಿದರೆ ಇನ್ನೆರಡು ಸುತ್ತು ಹಾಕಿಯಾನೇ ಹೊರತು ಬಾಯಿ ಬಿಟ್ಟು ಕೇಳುವವನಲ್ಲ. ಹೆಪ್ಪಿಗೆಂದು ಒಂದು ಚಮಚ ಮೊಸರು ತರಲು ಹೆಂಡತಿ ಧಾರಿಣಿ ಎದುರು ಮನೆಗೆ ಹೊರಟರೂ, “ಯಾಕೆ ಸುಮ್ನೆ ಅವರಿಗೆ ತೊಂದ್ರೆ” ಎಂದು ತಡೆದು, ತಾನೇ ನಾಲ್ಕು ಮಹಡಿ ಇಳಿದು ಅಂಗಡಿಗೆ ಹೋಗುತ್ತಿದ್ದ. ಇದಕ್ಕೆ ಅವನು ಸ್ವಾಭಿಮಾನ ಎನ್ನುತ್ತಿದ್ದ. ಧಾರಿಣಿ ಬಿಗುಮಾನ ಎನ್ನುತ್ತಿದ್ದಳು. ಹೆಂಡತಿಯ ಮಾತೇ ಸರಿ ಎಂದು ನನಗೂ ಅನ್ನಿಸುತ್ತದೆ.

ಈ ಸಲ ಇಷ್ಟೊಂದು ಗಡಿಬಿಡಿಗೆ ಕಾರಣವಿತ್ತು. ದಾವಣಗೆರೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದ ಸಿಂಧೂರ ಇಲ್ಲಿಗೆ ಬಂದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಮನೆಯಲ್ಲಿ ಡೈನೋಸಾರ್‌ಗಳ ಜೊತೆ ಮಾತಾಡುತ್ತಿದ್ದಳು, ಅಷ್ಟೇ. ಶಾಲೆಯ ಟೀಚರು, “ಬಹುತ್ ಚುಪ್ ರಹತೀ ಹೈ” ಎಂದು ಡೈರಿಯಲ್ಲಿ ಬರೆದು ಕಳಿಸಿದ್ದರು. ಸಂಜೆ ಪಾರ್ಕಿನಲ್ಲಿ ಉಳಿದ ಮಕ್ಕಳು ಹಿಂದಿಯಲ್ಲಿ ಕಿರುಚಾಡುತ್ತ ಆಡುತ್ತಿದ್ದರೆ ಇವಳು ಅಪ್ಪನ ಪ್ಯಾಂಟು ಹಿಡಿದು ಜಾರುಬಂಡೆಯ ಪಕ್ಕ ನಿಲ್ಲುವಳು. ಒಂದು ದಿನ ಹಾಲು ಕುಡಿಯುತ್ತ ಕೇಳಿದಳು: “ಅಪ್ಪಾ, ನನ್ ಬರ್ತ್‌ಡೇಗೆ ಯಾರಾದ್ರೂ ಬರ್ತಾರಾ?”

ರಘುನಂದನ್ ಹಿಂದುಮುಂದು ನೋಡದೆ, “ಎಲ್ಲಾರೂ ಬರ್ತಾರೆ ಪುಟ್ಟಿ” ಎಂದುಬಿಟ್ಟ. ಮಾರನೇ ದಿನವೇ ಫೈಲು ಹುಟ್ಟಿತು.

ಹುಟ್ಟಿದ ದಿನ ಈ ಸಲ ಶನಿವಾರ ಬಿದ್ದಿತ್ತು. ಸಂಜೆಯಾದರೆ ಮೈದಾನದ ರಾಮಲೀಲಾ ಮೈಕಿನ ಗಲಾಟೆ, ಆದ್ದರಿಂದ ಬೆಳಿಗ್ಗೆಯೇ ಸರಿ ಎಂದು ತೀರ್ಮಾನಿಸಿದ. ಊರಿಂದ ತಂದ ಪಂಚಾಂಗ ನೋಡಿದ. ಒಂಬತ್ತರಿಂದ ಹತ್ತೂವರೆ ರಾಹುಕಾಲ. ಹತ್ತು ಮೂವತ್ತೈದಕ್ಕೆ ಎಂದು ಬರೆದ. ಅದೇ ಸಾಲಿನಲ್ಲಿ ‘ದುರ್ಗಾಷ್ಟಮಿ’ ಎಂದೂ ಇತ್ತು. ಒಳ್ಳೆಯದೇ ಆಯಿತು, ಹಬ್ಬದ ದಿನ, ಮಕ್ಕಳೆಲ್ಲ ಮನೆಯಲ್ಲೇ ಇರುತ್ತಾರೆ ಎಂದುಕೊಂಡ. ಬ್ಲಾಕಿನ ವಾಟ್ಸಾಪ್ ಗುಂಪಿಗೆ ಆಹ್ವಾನ ಹಾಕಿದ. ಒಂದಷ್ಟು ಕೈಮುಗಿದ ಚಿತ್ರ ಬಂದವು. ಯಾರೋ ಒಬ್ಬರು ಮಾತ್ರ ‘ಉಸ್ ದಿನ್ ಸುಬಹ್ ತೋ ಅಷ್ಟಮಿ ಹೈ ಜೀ’ ಎಂದು ಬರೆದರು. ಅಂದು ಬೆಳಿಗ್ಗೆ ಅಷ್ಟಮಿ ಎಂದರೆ ದಿನ ಚೆನ್ನಾಗಿದೆ ಎಂದು ಹೊಗಳುತ್ತಿದ್ದಾರೆಂದು ತಿಳಿದ ನಮ್ಮ ರಘುನಂದನ್, ‘ಹಾಂ ಜೀ, ಜೈ ಮಾತಾ ದೀ’ ಎಂದು ಉತ್ತರಿಸಿ, ಫೈಲಿನಲ್ಲಿ ‘ಆಹ್ವಾನ’ ಎಂಬುದರ ಮುಂದೆ ಟಿಕ್ ಹಾಕಿದ.

ಆಮೇಲೆ ಹದಿನೈದು ದಿನ ಮನೆ ಮನೆಯಾಗಿ ಉಳಿಯಲಿಲ್ಲ. ಬಲೂನು ಊದಿ, ಹಳೆಯ ಪೇಪರಿನ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಮೆತ್ತಿ, ಒಣಗಿದ ಮೇಲೆ ಬಲೂನು ಒಡೆದು, ಹನ್ನೆರಡು ಡೈನೋಸಾರ್ ಮೊಟ್ಟೆ ಮಾಡಿ ಹಸಿರು ಬಣ್ಣ ಬಳಿದರು. ಪ್ರತಿ ಮೊಟ್ಟೆಯೊಳಗೆ ಒಂದೊಂದು ರಬ್ಬರ್ ಮರಿ. ಥರ್ಮಾಕೋಲಿನ ಜ್ವಾಲಾಮುಖಿಯ ಬಾಯಿಗೆ ಅಡಿಗೆ ಸೋಡಾ ಮತ್ತು ವಿನೆಗರ್ ಹಾಕಿ ಪರೀಕ್ಷೆ ಮಾಡುವಾಗ ಕೆಂಪು ನೊರೆ ಉಕ್ಕಿ ಸೋಫಾ ಹಾಳಾಯಿತು. ಧಾರಿಣಿ ಹಳೆಯ ಹಸಿರು ಸೀರೆ ಕತ್ತರಿಸಿ ಮಗಳಿಗೆ ಹತ್ತಿ ತುಂಬಿದ ಬಾಲ ಹೊಲಿದಳು. ಹಿಂದಿನ ಸಂಜೆ ಅವಳು ರಂಗೋಲಿ ಪುಡಿ ಹಿಡಿದು ಲಿಫ್ಟಿನಿಂದ ಬಾಗಿಲವರೆಗೆ ಮೂರು ಬೆರಳಿನ ಹೆಜ್ಜೆಗಳನ್ನು ಬಿಡಿಸಿದಳು. ಗೋಕುಲಾಷ್ಟಮಿಗೆ ಕೃಷ್ಣನ ಪುಟ್ಟ ಪಾದ ಬಿಡಿಸಿ ಪಳಗಿದ ಕೈ ಅದು. ಒಂದು ಹೆಜ್ಜೆಯೂ ಸೊಟ್ಟಗಾಗಲಿಲ್ಲ.

ಶನಿವಾರ ಹತ್ತು ಮೂವತ್ತೈದಾಯಿತು. ಯಾರೂ ಬರಲಿಲ್ಲ.

ಸಿಂಧೂರ ಬಾಲ ಕಟ್ಟಿಕೊಂಡು, ತಲೆಗೆ ಕೊಂಬಿನ ಕಿರೀಟ ಇಟ್ಟುಕೊಂಡು ಬಾಗಿಲ ಎದುರಿನ ಮೋಡದ ಮೇಲೆ ಕೂತಿದ್ದಳು. ಮೋಡವೆಂದರೆ ಬಿಳಿ ಹೊದಿಕೆ ಹಾಸಿದ ಸ್ಟೂಲು. ಹತ್ತೂ ಮುಕ್ಕಾಲಾಯಿತು. “ದಿಲ್ಲಿಯವರು ಯಾವತ್ತೂ ಲೇಟು” ಎಂದ ರಘುನಂದನ್. ಹನ್ನೊಂದಾಯಿತು. ಆಗ ಮೆಟ್ಟಿಲ ಮೇಲೆ ಮಕ್ಕಳ ಕಾಲಸಪ್ಪಳ ಕೇಳಿತು. ಸಿಂಧೂರ ದಡಬಡಿಸಿ ಎದ್ದಳು. ಸಪ್ಪಳ ಅವರ ಬಾಗಿಲು ದಾಟಿ, ಎದುರು ಮನೆಯ ಬಾಗಿಲಲ್ಲಿ ನಿಂತಿತು. ರಘುನಂದನ್ ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟ. ಫೈಲಿನ ಅತಿಥಿಗಳ ಪಟ್ಟಿಯಲ್ಲಿದ್ದ ಹೆಣ್ಣುಮಕ್ಕಳೆಲ್ಲ ಅಲ್ಲಿದ್ದರು! ಜರಿಯಂಚಿನ ಕೆಂಪು ವಸ್ತ್ರ ತಲೆಗೆ ಕಟ್ಟಿಕೊಂಡು, ಕೈಯಲ್ಲಿ ಉಡುಗೊರೆಯ ಚೀಲ ಹಿಡಿದು, ಬೇರೆ ಪಾರ್ಟಿಗೆ ಹೋಗುತ್ತಿದ್ದರು.

“ಅವ್ರು ನಮ್ಮನೆಗ್ ಬರಲ್ವಾ ಅಪ್ಪಾ?”

ರಘುನಂದನ್ ಫೋನು ತೆಗೆದು ವಾಟ್ಸಾಪ್ ಗುಂಪಿನಲ್ಲಿ ಖಾರವಾಗಿ ಬರೆಯತೊಡಗಿದ. ಬರಲಾಗದಿದ್ದರೆ ಹೇಳುವ ಸೌಜನ್ಯವಾದರೂ ಇರಬೇಕಿತ್ತು ಎಂದು ಮೊದಲ ಸಾಲು. ಧಾರಿಣಿ ಫೋನು ಕಸಿದುಕೊಂಡಳು.

“ಬರಿಯೋದು ಆಮೇಲೆ. ಮೊದ್ಲು ಎದುರು ಮನೆಗೆ ಹೋಗಿ ಕೇಳ್ರೀ.”

“ಏನಂತ ಕೇಳ್ಲಿ? ನನ್ ಮಗಳ ಪಾರ್ಟಿಗೆ ಮಕ್ಕಳನ್ನ ಕಳ್ಸಿ ಅಂತ ಅವರ ಬಾಗಿಲಲ್ಲಿ ಹೋಗಿ ಬೇಡ್ಕೊಳ್ಲಾ?”

“ಬೇಡ್ಕೊಳ್ಳಿ. ಅವಳ ಮುಖ ನೋಡಿ, ನೋಡಿ ಹೋಗಿ.”

ಸಿಂಧೂರ ಅಳುತ್ತಿರಲಿಲ್ಲ. ತನ್ನ ಬಾಲವನ್ನು ಮಡಿಲಿನಲ್ಲಿಟ್ಟುಕೊಂಡು ಸವರುತ್ತಿದ್ದಳು. ರಘುನಂದನ್ ಚಪ್ಪಲಿ ಮೆಟ್ಟಿದ. ಎದುರು ಬಾಗಿಲಿಗೆ ಆರು ಹೆಜ್ಜೆ. ಹದಿಮೂರು ವರ್ಷದ ನೌಕರಿಯಲ್ಲಿ ಅಷ್ಟು ದೂರ ಅವನು ನಡೆದಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಎದುರು ಮನೆಯ ಕಮಲೇಶ್ ಆಂಟಿ, ಹೌದು, ಈ ಕಡೆ ಕಮಲೇಶ್ ಹೆಂಗಸರ ಹೆಸರೂ ಹೌದು, ಎಪ್ಪತ್ತರ ಪಂಜಾಬಿ ಅಜ್ಜಿ, ನೆಲದ ಮೇಲೆ ಕೂತು ಪುಟ್ಟ ಹುಡುಗಿಯೊಬ್ಬಳ ಪಾದ ತೊಳೆಯುತ್ತಿದ್ದರು. ಗೋಡೆಗುಂಟ ಒಂಬತ್ತು ಮಣೆಗಳ ಸಾಲು. ಎಂಟರ ಮೇಲೆ ಎಂಟು ಹುಡುಗಿಯರು. ಮುಂದೆ ಪೂರಿ, ಕಪ್ಪು ಕಡಲೆ, ಹಲ್ವಾ. ಕೊನೆಯ ಮಣೆ ಖಾಲಿ.

ರಘುನಂದನ್ ಬಾಯಿ ತೆರೆಯುವ ಮೊದಲೇ ಅಜ್ಜಿ ಅವನನ್ನೇ ತರಾಟೆಗೆ ತೆಗೆದುಕೊಂಡರು. “ಅರೇ ಬೇಟಾ! ಬಿಟಿಯಾ ಕಹಾಂ ಹೈ? ಸುಬಹ್ ಸೇ ಇಂತಜಾರ್ ಕರ್ ರಹೀ ಹೂಂ!”

ಬೆಳಗಿನಿಂದ ತನ್ನ ಮಗಳಿಗಾಗಿ ಕಾಯುತ್ತಿದ್ದಾರೆಂದರೆ ಏನರ್ಥ? ಅವನಿಗೆ ತಿಳಿಯಲಿಲ್ಲ. ಅಜ್ಜಿ ಹೇಳಿದ್ದನ್ನೆಲ್ಲ ಕೂಡಿಸಿದಾಗ ವಿಷಯ ಇಷ್ಟು: ಇದು ಕಂಜಕ್. ಅಷ್ಟಮಿಯ ಬೆಳಿಗ್ಗೆ ದೆಹಲಿಯ ಮನೆಮನೆಯಲ್ಲೂ ಒಂಬತ್ತು ಪುಟ್ಟ ಹೆಣ್ಣುಮಕ್ಕಳನ್ನು ಕೂರಿಸಿ, ದೇವಿಯೆಂದು ಪಾದ ತೊಳೆದು ಊಟ ಬಡಿಸುತ್ತಾರೆ. ಈ ಬ್ಲಾಕಿನಲ್ಲಿ ಇರುವುದೇ ಎಂಟು ಹುಡುಗಿಯರು. ಪ್ರತಿ ವರ್ಷ ಒಂಬತ್ತನೆಯವಳಿಗಾಗಿ ಪಕ್ಕದ ಬ್ಲಾಕಿನಲ್ಲಿ ಹುಡುಕಾಟ. ಈ ಸಲ ಸಿಂಧೂರ ಬಂದಿದ್ದಾಳೆಂದು ಎಲ್ಲರಿಗೂ ಖುಷಿ. ಅವಳನ್ನು ಎಂಟು ಗಂಟೆಗೇ ಕಳಿಸಿ ಎಂದು ಗುಂಪಿನಲ್ಲಿ ಎರಡು ಸಲ ಬರೆದರೂ ಇವನ ಉತ್ತರವಿಲ್ಲ. ದಕ್ಷಿಣದವರಿಗೆ ಈ ಪದ್ಧತಿ ಹಿಡಿಸದೇನೋ ಎಂದು ಬಾಗಿಲು ತಟ್ಟಲು ಸಂಕೋಚಪಟ್ಟರಂತೆ. ಆದರೂ ಪ್ರತಿ ಮನೆಯಲ್ಲೂ ಒಂದು ಮಣೆ ಬಿಟ್ಟಿದ್ದಾರೆ.

ಪಾರ್ಟಿಯ ವಿಷಯ? “ನೀನೇ ಜೈ ಮಾತಾ ದೀ ಅಂದೆಯಲ್ಲ! ಮಕ್ಕಳು ಎಲ್ಲ ಮನೆ ಮುಗಿಸಿಕೊಂಡೇ ಬರಲಿ ಅಂತಿದ್ದೀಯ ಎಂದುಕೊಂಡೆವು.”

ರಘುನಂದನ್ ಬಾಗಿಲ ಚೌಕಟ್ಟು ಹಿಡಿದು ನಿಂತ. ತನ್ನ ಮಗಳನ್ನು ಯಾರೂ ಕರೆಯಲಿಲ್ಲ ಎಂದು ಅವನು ಕಿಂಡಿಯಲ್ಲಿ ನೋಡಿ ಉರಿಯುತ್ತಿದ್ದಾಗ, ಈ ಕಟ್ಟಡದ ಮನೆಮನೆಯಲ್ಲೂ ಅವಳಿಗೊಂದು ಮಣೆ ಹಾಕಿತ್ತು. ಆ ಹಿಂದಿ ಸಂದೇಶಗಳನ್ನು ಅವನು ತನಗಲ್ಲ ಎಂದು ಓದದೆ ಸರಿಸಿದ್ದ. ನಾಚಿಕೆಯಾಯಿತು. “ಮಾಫ್ ಕೀಜಿಯೇ ಆಂಟೀಜೀ” ಎಂದ. ಓಡಿಹೋಗಿ ಮಗಳನ್ನು ಬಾಲ, ಕಿರೀಟ ಸಮೇತ ಎತ್ತಿ ತಂದು ಒಂಬತ್ತನೇ ಮಣೆಯ ಮೇಲೆ ಕೂರಿಸಿದ.

ಹುಡುಗಿಯರು ಕಣ್ಣರಳಿಸಿದರು. “ಆಂಟಿ, ಯೇ ಡೈನೋಸಾರ್ ಹೈ!” ಕಮಲೇಶ್ ಆಂಟಿ ಗಂಭೀರವಾಗಿ, ದೇವಿ ಯಾವ ರೂಪದಲ್ಲಾದರೂ ಬರುತ್ತಾಳೆ ಎಂದು ಹೇಳಿ, ಸಿಂಧೂರಳ ಪಾದ ತೊಳೆದರು. ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದರು. ಆಮೇಲೆ ಆ ಎಪ್ಪತ್ತರ ಅಜ್ಜಿ ಬಾಗಿ, ಅವನ ಐದು ವರ್ಷದ ಮಗಳ ಪಾದಕ್ಕೆ ಹಣೆ ಹಚ್ಚಿದರು. ರಘುನಂದನ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಹಿಂದೆಯೇ ಬಂದ ಧಾರಿಣಿಗೆ ಆಗಲೇ ಇನ್ನೊಂದು ಚಿಂತೆ. “ರೀ, ಕೇಕಲ್ಲಿ ಮೊಟ್ಟೆ ಇದೆ. ನವರಾತ್ರಿಲಿ ಈ ಮಕ್ಕಳು ತಿನ್ನಲ್ಲ.” ಈ ಸಲ ರಘುನಂದನ್ ತಡಮಾಡಲಿಲ್ಲ. ಬಾಯಿ ಬಿಟ್ಟು ಕೇಳಿದ: “ಆಂಟೀಜೀ, ಹಲ್ವಾ ಸ್ವಲ್ಪ ಜಾಸ್ತಿ ಇದೆಯಾ?” ಅಜ್ಜಿ ಹಲ್ವಾ ತುಂಬಿದ್ದ ದೊಡ್ಡ ಪರಾತವನ್ನೇ ಧಾರಿಣಿಯ ಕೈಗಿಟ್ಟರು. ಉಳಿದ ಮೂರು ಮನೆಗಳಲ್ಲಿ ಒಂಬತ್ತು ದೇವಿಯರ ಪೂಜೆ ಮುಗಿಯುವಷ್ಟರಲ್ಲಿ ಆ ರವೆ ಹಲ್ವಾ ಉದ್ದ ಕತ್ತಿನ ಡೈನೋಸಾರ್ ಆಗಿ ತಟ್ಟೆಯ ಮೇಲೆ ನಿಂತಿತ್ತು. ಬೆನ್ನಿನುದ್ದಕ್ಕೂ ಕಪ್ಪು ಕಡಲೆಯ ಸಾಲು. ಮೊಟ್ಟೆಯ ಕೇಕು ಫ್ರಿಜ್ಜಿನೊಳಗೆ ಹಿಂದಕ್ಕೆ ಸರಿಯಿತು.

ಹನ್ನೆರಡೂವರೆಗೆ ಹಿಂಡು ಬಂತು. ಹುಡುಗಿಯರ ಹಿಂದೆ ಹುಡುಗರು, ಅವರ ಹಿಂದೆ ತಾಯಂದಿರು. ಎಲ್ಲರೂ ರಂಗೋಲಿಯ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು, ಗುರ್ರೆನ್ನುತ್ತ ಬಂದರು. ಹೊಸ್ತಿಲಲ್ಲಿ ಮಾತ್ರ ಹುಡುಗಿಯರು ನಿಂತುಬಿಟ್ಟರು. ಎಲ್ಲರಿಗಿಂತ ಚಿಕ್ಕವಳೊಬ್ಬಳು ಬಾಗಿಲ ಬಳಿಯ ಸ್ಟೂಲೇರಿ ಕಾಲು ಮುಂದೆ ಚಾಚಿದಳು. “ಅಂಕಲ್, ಪೈರ್?”

ಬೆಳಗಿನಿಂದ ಹೋದ ಮನೆಯಲ್ಲೆಲ್ಲ ಮೊದಲು ಅವಳ ಪಾದ ತೊಳೆದಿದ್ದರು. ಕಮಲೇಶ್ ಆಂಟಿ ಬೇಡ ಬೇಡ, ಇದು ಬರ್ತ್‌ಡೇ ಎಂದು ನಕ್ಕರು. ರಘುನಂದನ್ ಕೇಳಿಸಿಕೊಳ್ಳಲಿಲ್ಲ. ಬಚ್ಚಲಿಂದ ಬೇಸಿನ್ನು, ಚೊಂಬು ತಂದ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಮಂಡಿಯೂರಿ, ಹೆಗಲಿಗೆ ಟವೆಲು ಹಾಕಿಕೊಂಡು, ಒಂದೊಂದೇ ಜೊತೆ ಪುಟ್ಟ ಪಾದಗಳನ್ನು ತೊಳೆದು ಒರೆಸಿದ. ನಿಜವಾಗಿಯೂ ದೇವರೇ ಮನೆಗೆ ಬಂದಂತೆ ಅವನಿಗೆ ಅನ್ನಿಸುತ್ತಿತ್ತು. ಈ ಮಕ್ಕಳು ಬಂದರಲ್ಲ, ಅದಕ್ಕಿಂತ ದೊಡ್ಡ ಉಪಕಾರ ಯಾವುದಿದೆ? ಒಂದೊಂದು ಜೊತೆ ಪಾದಕ್ಕೂ ಅವನು ಬಾಗಿ ಹಣೆ ಹಚ್ಚಿದ.

ಒಂಬತ್ತನೆಯ ಜೊತೆ ಪಾದದ ಹೆಬ್ಬೆರಳಿನಲ್ಲಿ ಹಸಿರು ಬಣ್ಣ ಅಂಟಿತ್ತು. ತಲೆಯೆತ್ತಿ ನೋಡಿದ. ಸಿಂಧೂರ ಅವನ ಕಡೆ ನೋಡಲೇ ಇಲ್ಲ. ಪಕ್ಕದ ಹುಡುಗಿಯ ಕಿವಿಗೆ ಬಾಯಿಟ್ಟು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ಯಾವ ಡೈನೋಸಾರಿಗೆ ಎಷ್ಟು ಹಲ್ಲು ಎಂದು ಉಸಿರು ಬಿಡದೆ ಹೇಳುತ್ತಿದ್ದಳು. ತನ್ನ ಕಾಲು ತೊಳೆಯುತ್ತಿರುವುದು ಅಪ್ಪ ಎಂಬುದೂ ಅವಳ ಗಮನಕ್ಕೆ ಬಂದಿರಲಿಲ್ಲ. “ಜಲ್ದೀ ಕರೋ ಅಂಕಲ್” ಎಂದಳು.

“ಆಯ್ತಮ್ಮಾ, ಆಯ್ತು” ಎಂದು ರಘುನಂದನ್ ಆ ಪಾದಗಳಿಗೂ ಹಣೆ ಹಚ್ಚಿ, ಒಳಗೆ ಓಡಲು ದಾರಿ ಬಿಟ್ಟ.